ಯುವನಿಧಿ, ಇಎಸ್‌ಐ ನಿರುದ್ಯೋಗ ಭತ್ಯೆ: ನಮ್ಮ ಅಂಗಡಿ ಕೌಂಟರಲ್ಲಿ ಪದೇ ಪದೇ ಕೇಳೋ ಪ್ರಶ್ನೆಗಳು

ನಮ್ದು ಶಿವಮೊಗ್ಗ ಜಿಲ್ಲೇಲಿ ಒಂದು ತಾಲೂಕು ಬಸ್‌ಸ್ಟ್ಯಾಂಡ್ ಪಕ್ಕದ ಕಂಪ್ಯೂಟರ್ ಅಂಗಡಿ. ಜೆರಾಕ್ಸ್, ಪಹಣಿ, ಪಾನ್ ಕಾರ್ಡು, ಪರೀಕ್ಷೆ ಅರ್ಜಿ ಎಲ್ಲಾ ಇಲ್ಲೇ. ಓದು ಮುಗಿಸಿ ಕೆಲಸ ಸಿಗದೋರಿಗೆ ರಾಜ್ಯ ಸರ್ಕಾರ ತಿಂಗಳು ತಿಂಗಳು ಕೊಡೋ ಭತ್ಯೆ ಯುವನಿಧಿ. 2023ರ ಡಿಸೆಂಬರ್ 26ಕ್ಕೆ ಅದರ ನೋಂದಣಿ ಶುರುವಾದಾಗಿಂದ ದಿನಕ್ಕೆ ಇಬ್ಬರಾದ್ರೂ ಇದೇ ವಿಷಯ ಕೇಳ್ಕೊಂಡು ಬರ್ತಾರೆ, ಉತ್ತರ ಹೇಳಿ ಹೇಳಿ ಬಾಯಿ ನೋವು ಬಂದು ಒಂದು ಕಡೆ ಬರೆದಿಟ್ರೆ ಒಳ್ಳೇದು ಅನ್ನಿಸ್ತು. ಮೊದಲು ಯುವನಿಧಿ, ಆಮೇಲೆ ಕೆಲಸ ಮಾಡ್ತಾ ಇದ್ದು ಕಳ್ಕೊಂಡೋರಿಗೆ ಇಎಸ್‌ಐ, ಅಂದ್ರೆ ಕಾರ್ಮಿಕರ ವಿಮೆ ವಿಷಯ. ಎರಡೂ ಬೇರೆ ಬೇರೆ, ಜನ ಎರಡನ್ನೂ ಕಲಸಿ ಕೇಳ್ತಾರೆ.

ಯುವನಿಧಿ ಅಂದ್ರೆ ಸ್ಕಾಲರ್‌ಶಿಪ್ ತರಾನಾ? ಎಷ್ಟು ಬರುತ್ತೆ?

ಅಲ್ಲ. ಸ್ಕಾಲರ್‌ಶಿಪ್ ಓದೋರಿಗೆ, ಇದು ಓದು ಮುಗಿಸಿ ಕೆಲಸ ಸಿಗದೆ ಕೂತೋರಿಗೆ. ಡಿಗ್ರಿ ಅಥವಾ ಪಿಜಿ ಆಗಿದ್ರೆ ತಿಂಗಳಿಗೆ 3,000, ಡಿಪ್ಲೊಮಾ ಆಗಿದ್ರೆ 1,500. ಹೆಚ್ಚು ಅಂದ್ರೆ ಎರಡು ವರ್ಷ, ಅಷ್ಟರೊಳಗೆ ಕೆಲಸ ಸಿಕ್ಕಿದ್ರೆ ಅಲ್ಲಿಗೇ ನಿಲ್ಲುತ್ತೆ. ಪೂರ್ತಿ ಎರಡು ವರ್ಷ ಬಂದ್ರೂ ಡಿಗ್ರಿಯೋರಿಗೆ 72,000, ಡಿಪ್ಲೊಮಾದೋರಿಗೆ 36,000. ಮೊದಲ ಹಣ 2024ರ ಜನವರಿ 12ಕ್ಕೆ, ವಿವೇಕಾನಂದ ಜಯಂತಿ ದಿನ, ನಮ್ಮ ಶಿವಮೊಗ್ಗದ ಫ್ರೀಡಂ ಪಾರ್ಕಲ್ಲೇ ಬಿಡುಗಡೆ ಮಾಡಿದ್ದು. ಅವತ್ತು ನಮ್ಮ ಅಂಗಡಿಗೆ ಗಿರಾಕಿನೇ ಇರ್ಲಿಲ್ಲ, ಎಲ್ಲಾ ಬಸ್ ಹತ್ತಿ ಅಲ್ಲಿಗೆ ಹೋಗಿದ್ರು.

ಯಾರಿಗೆ ಸಿಗುತ್ತೆ, ಯಾರಿಗೆ ಸಿಗಲ್ಲ, ಒಂದೇ ಸಲ ಹೇಳಿಬಿಡಿ

ಶುರುವಿನಲ್ಲಿ 2022-23ರಲ್ಲಿ ಪಾಸಾದೋರಿಗೆ ಅಂತ ಇತ್ತು, ಆಮೇಲೆ ಅದರ ನಂತರದ ಸಾಲಿನೋರನ್ನೂ ಸೇರಿಸಿದ್ರು. ಅದಕ್ಕೆ ಹಿಂದೆ ಪಾಸಾದೋರಿಗೆ ಇಲ್ಲ. 2019ರಲ್ಲಿ ಬಿಕಾಂ ಮುಗಿಸಿ ಇನ್ನೂ ಕೆಲಸ ಇಲ್ದೆ ಇರೋ ಅಣ್ಣಂದಿರು ಬಂದು "ನಾವೇನು ನಿರುದ್ಯೋಗಿಗಳಲ್ವಾ" ಅಂತಾರೆ, ಅವರ ಸಿಟ್ಟು ನ್ಯಾಯವೇ, ಆದ್ರೆ ರೂಲ್ಸ್ ಹಾಗಿದೆ.

ಪಾಸಾಗಿ 180 ದಿನ ಕಳೆದಿರಬೇಕು, ಆಗ್ಲೂ ಕೆಲಸ ಸಿಕ್ಕಿರಬಾರದು. ಸರ್ಕಾರಿ ಕೆಲಸ ಇರಲಿ ಪ್ರೈವೇಟ್ ಇರಲಿ, ಇದ್ರೆ ಸಿಗಲ್ಲ. ಮುಂದೆ ಓದೋಕೆ ಅಡ್ಮಿಷನ್ ಆಗಿದ್ರೆ ಸಿಗಲ್ಲ. ಅಪ್ರೆಂಟಿಸ್ ಅಂತ ಸ್ಟೈಪೆಂಡ್ ತಗೋತಾ ಇದ್ರೆ ಸಿಗಲ್ಲ. ಸರ್ಕಾರದ ಯಾವುದಾದ್ರೂ ಯೋಜನೇಲಿ ಅಥವಾ ಬ್ಯಾಂಕಲ್ಲಿ ಸಾಲ ತಗೊಂಡು ಸ್ವಂತ ಉದ್ಯೋಗ ಮಾಡ್ತಿದ್ರೂ ಸಿಗಲ್ಲ. ಈ ಕೊನೇದನ್ನ ಯಾರೂ ಓದೋದೇ ಇಲ್ಲ, ಸಾಲ ಮಂಜೂರಾಗಿ ಅಂಗಡಿ ಹಾಕಿದ ಮೇಲೂ ಯುವನಿಧಿ ಬರ್ತಾ ಇರಲಿ ಅಂತ ಸುಮ್ನಿರ್ತಾರೆ.

ಪರೀಕ್ಷೆ ಮುಗೀತು, ನಾಳೆನೇ ಅರ್ಜಿ ಹಾಕಬಹುದಾ?

ಇಲ್ಲ, ಅದೇ 180 ದಿನ. ಆರು ತಿಂಗಳು ಕೆಲಸ ಹುಡುಕಿಯೂ ಸಿಗಲಿಲ್ಲ ಅನ್ನೋದು ಇದರ ಲೆಕ್ಕಾಚಾರ. ಬ್ಯಾಕ್‌ಲಾಗ್ ಇದ್ದು ಒಂದು ವರ್ಷ ಬಿಟ್ಟು ಕಟ್ಟಿ ಪಾಸಾದೋರು, ಕಾಲೇಜಿಗೆ ಸೇರಿದ ವರ್ಷ ಅಲ್ಲ, ನಿಜವಾಗಿ ಪಾಸಾದ ವರ್ಷ ನೋಡ್ಕೋಬೇಕು. ಘಟಿಕೋತ್ಸವ ಆಗಿದ್ಯಾ ಇಲ್ವಾ ಅನ್ನೋದರ ಮೇಲೆ ತಲೆ ಕೆಡಿಸ್ಕೋಬೇಡಿ.

ಐಟಿಐ ಆಗಿದೆ, ಪಿಯುಸಿ ಆಗಿದೆ, ಸಿಗುತ್ತಾ?

ಇಲ್ಲ. ಡಿಗ್ರಿ ಮತ್ತೆ ಡಿಪ್ಲೊಮಾ ಅಷ್ಟೇ.

ಬೇರೆ ರಾಜ್ಯದೋರು ಇಲ್ಲಿ ಓದಿದ್ರೆ?

ಕರ್ನಾಟಕದಲ್ಲಿ ಕನಿಷ್ಠ ಆರು ವರ್ಷ ಇದ್ದು ಓದಿರಬೇಕು. ಅದಕ್ಕೇ ಡಿಗ್ರಿ ಸರ್ಟಿಫಿಕೇಟ್ ಜೊತೆ ಎಸ್‌ಎಸ್‌ಎಲ್‌ಸಿ, ಪಿಯುಸಿ ಮಾರ್ಕ್ಸ್ ಕಾರ್ಡ್ ಕೇಳೋದು, ಇಲ್ಲಾಂದ್ರೆ ರೇಷನ್ ಕಾರ್ಡ್. ಈ ನಿಯಮದಲ್ಲಿ ಕಾಸರಗೋಡಿನ ಕನ್ನಡ ಮಕ್ಕಳಿಗೆ ಏಟು ಬೀಳುತ್ತೆ. ಅಲ್ಲಿ ಕನ್ನಡ ಮೀಡಿಯಂನಲ್ಲೇ ಹತ್ತನೇ ಕ್ಲಾಸು, ಪ್ಲಸ್ ಟೂ ಮುಗಿಸಿ ಮಂಗಳೂರಿಗೆ ಬಂದು ಮೂರು ವರ್ಷ ಡಿಗ್ರಿ ಮಾಡಿರ್ತಾರೆ, ಮೂರೇ ವರ್ಷ ಆಯ್ತಲ್ಲ. ಮನೇಲಿ ಮಾತಾಡೋದು ಕನ್ನಡ ಅಂತ ಪೋರ್ಟಲ್‌ಗೆ ಹೇಳೋಕೆ ಜಾಗ ಇಲ್ಲ.

ನಮ್ದು ಎಪಿಎಲ್ ಕಾರ್ಡು. ಅಮ್ಮನಿಗೆ ಗೃಹಲಕ್ಷ್ಮಿ ಬೇರೆ ಬರ್ತಾ ಇದೆ. ತೊಂದ್ರೆ ಆಗುತ್ತಾ?

ಇಲ್ಲ. ಇಲ್ಲಿ ರೇಷನ್ ಕಾರ್ಡ್ ನೋಡೋದು ನೀವು ಈ ರಾಜ್ಯದೋರು ಹೌದಾ ಅಂತ ತಿಳ್ಕೊಳ್ಳೋಕೆ, ಬಡವರಾ ಶ್ರೀಮಂತರಾ ಅಂತ ಅಲ್ಲ. ಅಮ್ಮನ ಎರಡು ಸಾವಿರಕ್ಕೂ ನಿಮ್ಮ ಮೂರು ಸಾವಿರಕ್ಕೂ ಸಂಬಂಧ ಇಲ್ಲ. ಎಷ್ಟೋ ಹೆಣ್ಮಕ್ಕಳು ಅಮ್ಮನ ದುಡ್ಡು ನಿಂತುಹೋಗುತ್ತೆ ಅಂತ ಹೆದರಿ ಅರ್ಜಿನೇ ಹಾಕಿಲ್ಲ, ಯಾರು ಹಬ್ಬಿಸಿದ್ರೋ ಗೊತ್ತಿಲ್ಲ ಈ ಸುದ್ದಿನ.

ಅರ್ಜಿ ಎಲ್ಲಿ ಹಾಕೋದು?

ಸೇವಾಸಿಂಧು ಪೋರ್ಟಲ್, ರಾಜ್ಯ ಸರ್ಕಾರದ ಸೇವೆಗಳಿಗೆ ಅರ್ಜಿ ಹಾಕೋ ವೆಬ್‌ಸೈಟು. ಮೊಬೈಲಲ್ಲಿ ನೀವೇ ಹಾಕಬಹುದು, ಆಧಾರ್‌ಗೆ ಲಿಂಕ್ ಇರೋ ನಂಬರ್ ಕೈಯಲ್ಲಿರಬೇಕು ಅಷ್ಟೇ, ಓಟಿಪಿ ಅದಕ್ಕೇ ಬರೋದು. ಗ್ರಾಮ ಒನ್, ಕರ್ನಾಟಕ ಒನ್, ಬೆಂಗಳೂರು ಒನ್‌ನಲ್ಲೂ ಹಾಕಿಸಬಹುದು. ಅರ್ಜಿಗೆ ಸರ್ಕಾರಿ ಫೀಸು ಅಂತ ಇಲ್ಲ, ನಮ್ಮಂಥ ಅಂಗಡಿಯೋರು ತಗೊಳ್ಳೋದು ಸ್ಕ್ಯಾನಿಂಗು ಪ್ರಿಂಟಿಂಗಿನ ದುಡ್ಡು. "ಅಪ್ರೂವ್ ಮಾಡಿಸ್ಕೊಡ್ತೀನಿ ಐನೂರು ಕೊಡಿ" ಅಂತ ಯಾರಾದ್ರೂ ಅಂದ್ರೆ ಎದ್ದು ಬನ್ನಿ, ಅಪ್ರೂವ್ ಮಾಡೋದು ಅಂಗಡಿಯೋನಲ್ಲ.

"ಎನ್‌ಎಡಿಯಲ್ಲಿ ಮಾಹಿತಿ ಇಲ್ಲ" ಅಂತ ಬರ್ತಿದೆ, ಏನದು?

ಜಾಸ್ತಿ ಜನ ಮುಗ್ಗರಿಸೋದು ಇಲ್ಲೇ, ಅದಕ್ಕೆ ಸ್ವಲ್ಪ ಉದ್ದ ಹೇಳ್ತೀನಿ. ನೀವು ಪಾಸಾಗಿದ್ದೀರಿ ಅನ್ನೋದನ್ನ ಸರ್ಕಾರ ನಿಮ್ಮ ಜೆರಾಕ್ಸ್ ನೋಡಿ ನಂಬಲ್ಲ. ನಿಮ್ಮ ಯೂನಿವರ್ಸಿಟಿ ಅಥವಾ ಬೋರ್ಡು ನಿಮ್ಮ ಮಾರ್ಕ್ಸ್ ಕಾರ್ಡು, ಡಿಗ್ರಿ ಮಾಹಿತಿನ ನ್ಯಾಷನಲ್ ಅಕಾಡೆಮಿಕ್ ಡೆಪಾಸಿಟರಿ ಅಂತ ಒಂದು ಕಡೆ ಹಾಕಿರುತ್ತೆ, ಡಿಜಿಲಾಕರ್ ಆ್ಯಪಲ್ಲಿ ಕಾಣೋದೂ ಅದೇ. ಅಲ್ಲಿಂದ ಪೋರ್ಟಲ್ ನೇರ ಎತ್ಕೊಳ್ಳುತ್ತೆ. ಅಲ್ಲಿ ಇಲ್ಲಾಂದ್ರೆ ನೀವು ಬಂಗಾರದ ಪದಕ ತಗೊಂಡಿದ್ರೂ ಪೋರ್ಟಲ್ ಪಾಲಿಗೆ ಪಾಸಾಗಿಲ್ಲ.

ಮೊದಲು ಡಿಜಿಲಾಕರ್ ತೆಗೆದು ನಿಮ್ಮ ಯೂನಿವರ್ಸಿಟಿ ಹೆಸರು ಹುಡುಕಿ, ರಿಜಿಸ್ಟರ್ ನಂಬರ್ ಹಾಕಿ ನೋಡಿ. ಬಂದ್ರೆ ಸರಿ. ಬರ್ಲಿಲ್ಲ ಅಂದ್ರೆ ಕಾಲೇಜು ಆಫೀಸಿಗೆ ಹೋಗಿ, ಅಲ್ಲಿಂದ ಯೂನಿವರ್ಸಿಟಿ ಪರೀಕ್ಷಾ ವಿಭಾಗಕ್ಕೆ. ನಮ್ಮ ಹತ್ರ ಬಂದು ಜಗಳ ಆಡಿದ್ರೆ ನಾವೇನೂ ಮಾಡೋಕಾಗಲ್ಲ, ಅದು ಯೂನಿವರ್ಸಿಟಿಯೋರೇ ಅಪ್‌ಲೋಡ್ ಮಾಡ್ಬೇಕು.

ಇನ್ನೊಂದು ತಾಪತ್ರಯ ಹೆಸರಿನದು. ಆಧಾರಲ್ಲಿ ಹೆಸರಿನ ಮುಂದೆ ಇನಿಷಿಯಲ್, ಮಾರ್ಕ್ಸ್ ಕಾರ್ಡಲ್ಲಿ ಅಪ್ಪನ ಪೂರ್ತಿ ಹೆಸರು, ಡಿಗ್ರಿಯಲ್ಲಿ ಒಂದು ಎಚ್ ಜಾಸ್ತಿ. ಮಂಜುನಾಥ ಅನ್ನೋ ಹೆಸರನ್ನ ಇಂಗ್ಲಿಷಲ್ಲಿ ಎಷ್ಟು ತರ ಬರೀಬಹುದು ಅಂತ ನನಗೆ ಯುವನಿಧಿ ಬಂದ ಮೇಲೇ ಗೊತ್ತಾಗಿದ್ದು. ಆಧಾರ್ ತಿದ್ದಿಸೋದು ಸಾಮಾನ್ಯವಾಗಿ ಸುಲಭ, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಹಿಡ್ಕೊಂಡು ಹೋಗಿ ಅದರ ಪ್ರಕಾರ ಆಧಾರ್ ಸರಿ ಮಾಡಿಸ್ಕೊಂಡು ಬನ್ನಿ.

ಅರ್ಜಿ ಅಪ್ರೂವ್ ಅಂತ ತೋರಿಸ್ತಿದೆ, ದುಡ್ಡು ಮಾತ್ರ ಬಂದಿಲ್ಲ

ಎರಡೇ ಕಾರಣ ಇರುತ್ತೆ ಸಾಮಾನ್ಯವಾಗಿ. ಒಂದು, ಸ್ವಯಂ ಘೋಷಣೆ ಮಾಡಿಲ್ಲ, ಅದನ್ನ ಕೆಳಗೆ ಹೇಳ್ತೀನಿ. ಎರಡು, ಬ್ಯಾಂಕು. ಈ ದುಡ್ಡು ನೀವು ಬರೆದ ಅಕೌಂಟ್ ನಂಬರಿಗೆ ಬರಲ್ಲ, ಆಧಾರ್‌ಗೆ ಮ್ಯಾಪ್ ಆಗಿರೋ ಅಕೌಂಟಿಗೆ ಡಿಬಿಟಿ, ಅಂದ್ರೆ ಸರ್ಕಾರದ ನೇರ ಹಣ ವರ್ಗಾವಣೆ ಮೂಲಕ ಬರುತ್ತೆ. ಬ್ಯಾಂಕಲ್ಲಿ ಆಧಾರ್ ಜೆರಾಕ್ಸ್ ಕೊಟ್ಟು ಕೆವೈಸಿ ಮಾಡಿಸಿದ್ರೆ ಮ್ಯಾಪ್ ಆಯ್ತು ಅಂತಲ್ಲ. ಅದು ಬೇರೆ, ಸರ್ಕಾರದ ದುಡ್ಡು ಯಾವ ಬ್ಯಾಂಕಿಗೆ ಹೋಗ್ಬೇಕು ಅಂತ ಆಧಾರ್ ಜೊತೆ ದಾಖಲಿಸೋ ಎನ್‌ಪಿಸಿಐ ಸೀಡಿಂಗ್ ಬೇರೆ. ಬ್ಯಾಂಕಿಗೆ ಹೋಗಿ "ಡಿಬಿಟಿಗೆ ಆಧಾರ್ ಸೀಡಿಂಗ್ ಮಾಡ್ಕೊಡಿ" ಅಂತ ಹೀಗೇ ಕೇಳಿ, ಬರೀ "ಲಿಂಕ್ ಮಾಡಿ" ಅಂದ್ರೆ "ಆಗಲೇ ಆಗಿದೆ ಹೋಗಿ" ಅಂತ ಕಳಿಸ್ತಾರೆ. ಒಬ್ಬ ಹುಡುಗ ಮೂರು ಸಲ ಹಾಗೇ ಹೋಗಿ ಬಂದ, ನಾಲ್ಕನೇ ಸಲ ನಾನೇ ಒಂದು ಚೀಟಿಯಲ್ಲಿ ಬರೆದುಕೊಟ್ಟೆ, ಕೆಲಸ ಆಯ್ತು.

ಇನ್ನು ಕೆಲವರದ್ದು ದುಡ್ಡು ಬಂದೇ ಇರುತ್ತೆ, ಪಿಯುಸಿಯಲ್ಲಿ ಸ್ಕಾಲರ್‌ಶಿಪ್‌ಗೆ ಅಂತ ತೆಗೆಸಿದ್ದ ಹಳೇ ಅಕೌಂಟಲ್ಲಿ ಬಿದ್ದಿರುತ್ತೆ! ಡಿಬಿಟಿ ಕರ್ನಾಟಕ ಆ್ಯಪ್ ಹಾಕ್ಕೊಂಡ್ರೆ ಯಾವ ಬ್ಯಾಂಕಿಗೆ ಯಾವತ್ತು ಹೋಯ್ತು ಅಂತ ಕಾಣುತ್ತೆ.

ಸ್ವಯಂ ಘೋಷಣೆ ಅಂದ್ರೆ ಏನು, ಒಂದ್ಸಲ ಅರ್ಜಿ ಹಾಕಿದ್ರೆ ಸಾಕಲ್ವಾ?

ಸಾಕಾಗಲ್ಲ. ಈ ಯೋಜನೆಯ ಜೀವ ಇರೋದೇ ಅದರಲ್ಲಿ. ಅರ್ಜಿ ಅಂದ್ರೆ ಬಾಗಿಲು ತೆಗೆಯೋದು ಅಷ್ಟೇ, ದುಡ್ಡು ಬರ್ತಾ ಇರಬೇಕು ಅಂದ್ರೆ "ನಾನು ಇನ್ನೂ ನಿರುದ್ಯೋಗಿನೇ, ಎಲ್ಲೂ ಓದೋಕೆ ಸೇರಿಲ್ಲ, ಕರ್ನಾಟಕದಲ್ಲೇ ಇದ್ದೀನಿ" ಅಂತ ಸೇವಾಸಿಂಧುನಲ್ಲಿ ಲಾಗಿನ್ ಆಗಿ ಮತ್ತೆ ಮತ್ತೆ ಹೇಳ್ತಾ ಇರಬೇಕು. ಶುರುವಿನಲ್ಲಿ ಪ್ರತಿ ತಿಂಗಳು 25ನೇ ತಾರೀಖಿನೊಳಗೆ ಮಾಡ್ಬೇಕಿತ್ತು, ಆಮೇಲೆ ಮೂರು ತಿಂಗಳಿಗೊಮ್ಮೆ ಅಂತ ಮಾಡಿದ್ರು. ತಿಂಗಳು ತಿಂಗಳು ಮಾಡೋದಕ್ಕಿಂತ ಇದು ಸುಲಭ ಅಂತ ಅನ್ಸುತ್ತೆ, ಆದ್ರೆ ನನ್ನ ಅನುಭವದಲ್ಲಿ ಜನ ಈಗಲೇ ಜಾಸ್ತಿ ಮರೀತಾರೆ. ತಿಂಗಳಿಗೊಮ್ಮೆ ಇದ್ದಾಗ ಕರೆಂಟ್ ಬಿಲ್ ತರ ರೂಢಿಯಾಗಿತ್ತು, ಮೂರು ತಿಂಗಳು ಅಂದ್ರೆ ಯಾವ ತಿಂಗಳು ಅನ್ನೋದೇ ನೆನಪಿರಲ್ಲ. ಫೋನಲ್ಲಿ ರಿಮೈಂಡರ್ ಇಡಿ, ಮನೆ ಕ್ಯಾಲೆಂಡರಲ್ಲಿ ಅಮ್ಮ ಹಾಲಿನ ಲೆಕ್ಕ ಬರೀತಾರಲ್ಲ ಅದರ ಪಕ್ಕ ಬರೆದಿಡಿ.

25ನೇ ತಾರೀಖಿಗೇ ಬರಬೇಡಿ ದಯವಿಟ್ಟು. ಅವತ್ತು ಸರ್ವರ್ ಬ್ಯುಸಿ, ಓಟಿಪಿ ಬರೋದು ಹತ್ತು ನಿಮಿಷ, ನಿಮ್ಮ ಹಿಂದೆ ಇಪ್ಪತ್ತು ಜನ ನಿಂತಿರ್ತಾರೆ, ನಮ್ಮೂರಲ್ಲಿ ಮಳೆಗಾಲ ಆದ್ರೆ ಕರೆಂಟೂ ಹೋಗುತ್ತೆ. ತಾರೀಖು ಇನ್ನೂ ಹತ್ತು ದಿನ ಇದೆ ಅನ್ನುವಾಗಲೇ ಮುಗಿಸಿ. ಮುಗಿಸಿದ ಮೇಲೆ ಬರೋ ಅಕ್ನಾಲೆಡ್ಜ್‌ಮೆಂಟ್ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ, ನಾಳೆ "ನೀವು ಘೋಷಣೆ ಮಾಡೇ ಇಲ್ಲ" ಅಂದ್ರೆ ತೋರಿಸೋಕೆ ಅದೊಂದೇ ಸಾಕ್ಷಿ.

ಘೋಷಣೆನ ನೀವೇ ಮಾಡಿಬಿಡಿ, ನಾನು ಓಟಿಪಿ ಫೋನಲ್ಲಿ ಹೇಳ್ತೀನಿ

ಇದನ್ನ ಹೇಳೋರು ತುಂಬಾ ಜನ. ನಾನು ಮಾಡಲ್ಲ. ಅಲ್ಲಿ ಟಿಕ್ ಹಾಕೋ ಮಾತು ನಿಮ್ಮ ಹೆಸರಲ್ಲಿ ನೀವು ಸರ್ಕಾರಕ್ಕೆ ಹೇಳೋ ಮಾತು. ತಪ್ಪು ಘೋಷಣೆ ಅಂತ ಗೊತ್ತಾದ್ರೆ ದಂಡ ಹಾಕ್ತೀವಿ ಅಂತ ಯೋಜನೆ ಆದೇಶದಲ್ಲೇ ಇದೆ. ನೀವು ಬೆಂಗಳೂರಲ್ಲಿ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿರುತ್ತೆ, ನಾನಿಲ್ಲಿ ಗೊತ್ತಿಲ್ದೆ ನಿರುದ್ಯೋಗಿ ಅಂತ ಒತ್ತಿರ್ತೀನಿ, ನಾಳೆ ಸಿಕ್ಕಿಬೀಳೋದು ನೀವು. ಬಂದು ಎದುರು ಕೂತ್ಕೊಳ್ಳಿ, ಓದಿ ಹೇಳ್ತೀನಿ, ಒತ್ತೋದು ನೀವೇ ಒತ್ತಿ.

ಕೆಲಸ ಸಿಕ್ತು. ಹೇಳ್ಲೇಬೇಕಾ? ಸಂಬಳ ಬರೀ 12 ಸಾವಿರ

ಹೇಳ್ಬೇಕು. ಸಂಬಳ ಎಷ್ಟು ಅನ್ನೋದು ಪ್ರಶ್ನೆ ಅಲ್ಲ, ಕೆಲಸ ಇದ್ಯಾ ಇಲ್ವಾ ಅನ್ನೋದು ಪ್ರಶ್ನೆ. 12 ಸಾವಿರದಲ್ಲಿ ಬೆಂಗಳೂರಲ್ಲಿ ಪಿಜಿ ಬಾಡಿಗೆ ಕಟ್ಟಿ ಊಟ ಮಾಡಿ ಏನೂ ಉಳಿಯಲ್ಲ ಅಂತ ನಂಗೂ ಗೊತ್ತು, ಇನ್ನೊಂದೆರಡು ತಿಂಗಳು ಆ ಮೂರು ಸಾವಿರ ಬಂದಿದ್ರೆ ಆಸರೆ ಆಗ್ತಿತ್ತು ಅನ್ನೋದೂ ನಿಜ. ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ಖರ್ಚು ಜಾಸ್ತಿ, ಅಡ್ವಾನ್ಸು, ಬಟ್ಟೆ, ಬಸ್ ಪಾಸು. ಹಾಗಿದ್ರೂ ಮುಚ್ಚಿಡೋಕೆ ಹೋಗಬೇಡಿ. ಯಾಕೆ ಅಂದ್ರೆ ಮುಚ್ಚಿಡೋಕೆ ಆಗೋದೂ ಇಲ್ಲ: ಕಂಪನಿಯೋರು ಪಿಎಫ್ ಖಾತೆ ಶುರು ಮಾಡಿದ ಕೂಡ್ಲೆ ನಿಮ್ಮ ಯುಎಎನ್ ಅನ್ನೋ ಪಿಎಫ್ ನಂಬರಿಗೆ ಆಧಾರ್ ಜೋಡಣೆ ಆಗುತ್ತೆ, ಇಎಸ್‌ಐಗೂ ಆಧಾರ್ ಕೊಡ್ತೀರಿ, ಇತ್ತ ಯುವನಿಧಿನೂ ಅದೇ ಆಧಾರ್ ಮೇಲೆ. ಒಂದೇ ನಂಬರ್ ಎರಡು ಕಡೆ ಎರಡು ಮಾತು ಹೇಳ್ತಿದ್ರೆ ಯಾವತ್ತಾದ್ರೂ ಒಂದಿನ ಕಣ್ಣಿಗೆ ಬಿದ್ದೇ ಬೀಳುತ್ತೆ.

ನನ್ನ ಮಾತು ಕೇಳಿದ್ರೆ, ಸೇರಿದ ತಕ್ಷಣ ಮುಂದಿನ ಘೋಷಣೆಯಲ್ಲಿ ಕೆಲಸ ಸಿಕ್ಕಿದೆ ಅಂತ ಹೇಳಿ ನಿಲ್ಲಿಸಿಬಿಡಿ. ನಾಳೆ ನೀವೇ ಸರ್ಕಾರಿ ಕೆಲಸಕ್ಕೆ ಸೆಲೆಕ್ಟ್ ಆಗಿ ಪೊಲೀಸ್ ವೆರಿಫಿಕೇಶನ್ ಅಂತ ಬಂದಾಗ ಒಂಬತ್ತು ಸಾವಿರ ರೂಪಾಯಿಗೆ ಸುಳ್ಳು ಘೋಷಣೆ ಕೊಟ್ಟ ಭಯ ಇಟ್ಕೊಂಡು ಓಡಾಡೋದು ಯಾಕೆ?

ಟ್ಯೂಷನ್ ಹೇಳ್ತೀನಿ, ಡೆಲಿವರಿ ಮಾಡ್ತೀನಿ, ಅಪ್ಪನ ತೋಟದಲ್ಲಿ ಕೆಲಸ ಮಾಡ್ತೀನಿ. ಇದೆಲ್ಲಾ ಉದ್ಯೋಗನಾ?

ಅಪ್ಪನ ತೋಟದ್ದು ಬಿಡಿ, ಅಡಿಕೆ ಕೊಯ್ಲಿನಲ್ಲಿ ಮನೆ ಮಕ್ಕಳು ಕೈ ಹಾಕದೆ ಇನ್ನ್ಯಾರು ಹಾಕ್ತಾರೆ, ಮೇಲೆ ಹೇಳಿದ ಸಿಗಲ್ಲ ಅನ್ನೋ ಪಟ್ಟಿಯಲ್ಲಿ ಅದು ಯಾವುದಕ್ಕೂ ಸೇರಲ್ಲ. ಪಕ್ಕದ ಮನೆ ಇಬ್ಬರು ಮಕ್ಕಳಿಗೆ ಪಾಠ ಹೇಳಿಕೊಡೋದೂ ಹಾಗೇ ಅಂತ ನನ್ನ ಲೆಕ್ಕ. ಡೆಲಿವರಿ ಸ್ವಲ್ಪ ಬೇರೆ, ದಿನಾ ಎಂಟು ಹತ್ತು ಗಂಟೆ ಬೈಕ್ ಓಡಿಸಿ ವಾರಕ್ಕೊಮ್ಮೆ ಅಕೌಂಟಿಗೆ ದುಡ್ಡು ಬೀಳ್ತಾ ಇದ್ರೆ "ನಾನು ನಿರುದ್ಯೋಗಿ" ಅನ್ನೋ ಬಟನ್ ಒತ್ತುವಾಗ ಕೈ ನಡುಗಬೇಕು. ಒತ್ತೋ ಮೊದಲು ಜಿಲ್ಲಾ ಉದ್ಯೋಗ ವಿನಿಮಯ ಕೇಂದ್ರದಲ್ಲಿ ಬರವಣಿಗೆಯಲ್ಲಿ ಕೇಳಿ ಉತ್ತರ ಇಟ್ಕೊಳ್ಳಿ.

ಬಿಎ ಆಗಿ ಬಿಎಡ್‌ಗೆ ಸೇರಿದೆ. ಅಥವಾ ಡಿಪ್ಲೊಮಾ ಆಗಿ ಬಿಇಗೆ ಲ್ಯಾಟರಲ್ ಎಂಟ್ರಿ ಸಿಕ್ತು

ಎರಡೂ ಮುಂದಿನ ಓದೇ, ಅಡ್ಮಿಷನ್ ಆದ ದಿನದಿಂದ ನಿಮಗೆ ಯುವನಿಧಿ ಇಲ್ಲ. ಅದನ್ನ ಘೋಷಣೆಯಲ್ಲಿ ಹೇಳ್ಬೇಕು. ಕೆಪಿಎಸ್‌ಸಿ, ಪಿಎಸ್‌ಐ, ಪಿಡಿಒ ಅಂತ ಧಾರವಾಡಕ್ಕೋ ಬೆಂಗಳೂರಿನ ವಿಜಯನಗರಕ್ಕೋ ಕೋಚಿಂಗ್‌ಗೆ ಹೋಗೋದು ಕೋರ್ಸಿಗೆ ದಾಖಲಾದ ಹಾಗಲ್ಲ, ಅದಕ್ಕೆ ತಲೆಬಿಸಿ ಬೇಡ. ನಿಜ ಹೇಳ್ಬೇಕಂದ್ರೆ ನಮ್ಮ ಕಡೆ ಯುವನಿಧಿ ದುಡ್ಡು ಜಾಸ್ತಿ ಹೋಗ್ತಿರೋದೇ ಕೋಚಿಂಗ್ ಊರಿನ ರೂಂ ಬಾಡಿಗೆಗೆ.

ಕೆಲಸ ಹುಡ್ಕೊಂಡು ಪುಣೆಗೆ ಹೋಗ್ತಿದ್ದೀನಿ, ಅಲ್ಲಿದ್ದೇ ಘೋಷಣೆ ಮಾಡ್ಲಾ?

ಕರ್ನಾಟಕದಲ್ಲೇ ವಾಸ ಅನ್ನೋದೂ ಘೋಷಣೆಯ ಒಂದು ಭಾಗ. ಇಂಟರ್‌ವ್ಯೂಗೆ ಹೋಗಿ ಬರೋದಕ್ಕೆ ಯಾರೂ ಏನೂ ಅನ್ನಲ್ಲ. ಅಲ್ಲೇ ಮನೆ ಮಾಡಿ ಉಳಿದ್ರೆ, ಅಥವಾ ಮದುವೆಯಾಗಿ ಸೊಲ್ಲಾಪುರಕ್ಕೆ ಹೋದ್ರೆ, ಆ ಸಾಲಿಗೆ ಟಿಕ್ ಹಾಕೋಕೆ ಬರಲ್ಲ.

ದುಡ್ಡು ತಗೊಂಡಿದ್ದಕ್ಕೆ ಟ್ರೇನಿಂಗ್ ತಗೋಬೇಕಂತೆ?

ಈ ಯೋಜನೆ ನಡೆಸೋದೇ ಕೌಶಲ್ಯಾಭಿವೃದ್ಧಿ, ಉದ್ಯಮಶೀಲತೆ ಮತ್ತು ಜೀವನೋಪಾಯ ಇಲಾಖೆ, ಹಾಗಾಗಿ ಟ್ರೇನಿಂಗ್ ಅಂತ ಮೆಸೇಜ್ ಬರುತ್ತೆ. ಹೋಗಿ, ಫ್ರೀ ಇದೆ. ಸ್ಕಿಲ್ ಕನೆಕ್ಟ್ ಪೋರ್ಟಲಲ್ಲೂ ಹೆಸರು ಹಾಕಿಡಿ, ಉದ್ಯೋಗ ಮೇಳ ಆದಾಗ ಗೊತ್ತಾಗುತ್ತೆ. 2024ರ ಫೆಬ್ರವರಿ 26, 27ಕ್ಕೆ ಬೆಂಗಳೂರು ಅರಮನೆ ಮೈದಾನದಲ್ಲಿ ಯುವ ಸಮೃದ್ಧಿ ಸಮ್ಮೇಳನ ಅಂತ ದೊಡ್ಡ ಮೇಳನೇ ಆಯ್ತು. ದಾಖಲೆ ಪರಿಶೀಲನೆಗೆ ಅಂತ ಜಿಲ್ಲಾ ಕಚೇರಿಯಿಂದ ಕರೆದ್ರೆ ಮಾತ್ರ ತಪ್ಪಿಸಬೇಡಿ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ತಗೊಂಡು ಹೋಗಿ.

ನಾನು ಫ್ಯಾಕ್ಟರಿಯಲ್ಲಿ ಕೆಲಸ ಮಾಡ್ತಿದ್ದೆ, ತೆಗೆದ್ರು. ಯುವನಿಧಿ ಹಾಕಬಹುದಾ?

ಇಲ್ಲಿಂದ ಬೇರೆ ಬಾಗಿಲು. ಯುವನಿಧಿ ಹೊಸದಾಗಿ ಓದು ಮುಗಿಸಿದೋರಿಗೆ. ಕೆಲಸ ಇದ್ದು ಹೋದೋರಿಗೆ, ಅದೂ ಸಂಬಳದಲ್ಲಿ ಇಎಸ್‌ಐ ಹಿಡೀತಿದ್ರೆ, ಇಎಸ್‌ಐನಲ್ಲೇ ನಿರುದ್ಯೋಗ ಭತ್ಯೆ ಇದೆ. ಇದು ನಮ್ಮ ಗಾರ್ಮೆಂಟ್ಸ್ ಹೆಣ್ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತು ಜನಕ್ಕೆ ಗೊತ್ತೇ ಇಲ್ಲ, ಇಎಸ್‌ಐ ಅಂದ್ರೆ ಆಸ್ಪತ್ರೆ, ಹೆರಿಗೆ ರಜೆ ಅಷ್ಟೇ ಅನ್ಕೊಂಡಿದ್ದಾರೆ.

ತಿಂಗಳ ಸಂಬಳ 21,000ದವರೆಗೆ ಇರೋರಿಗೆ ಇಎಸ್‌ಐ. ನಿಮ್ಮ ಸಂಬಳದಲ್ಲಿ ಶೇ. 0.75 ಹಿಡೀತಾರೆ, ಮಾಲೀಕರು ಶೇ. 3.25 ಹಾಕ್ತಾರೆ. 15,000 ಸಂಬಳ ಆದ್ರೆ ನಿಮ್ಮಿಂದ ಹೋಗೋದು 112 ರೂಪಾಯಿ 50 ಪೈಸೆ. ಪೇ ಸ್ಲಿಪ್ ನೋಡಿ, ಇದ್ದೇ ಇರುತ್ತೆ.

ಎಷ್ಟು ಸಿಗುತ್ತೆ, ಷರತ್ತು ಏನು?

ಒಂದು ಯೋಜನೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ, 2018ರ ಜುಲೈ 1ಕ್ಕೆ ಶುರುವಾಗಿದ್ದು. ಮೊದಲು ದಿನದ ಸರಾಸರಿ ಸಂಬಳದ ಶೇ. 25 ಕೊಡ್ತಿದ್ರು, ಕೊರೋನಾ ಟೈಮಲ್ಲಿ, 2020ರ ಮಾರ್ಚ್ 24ರಿಂದ, ಅದನ್ನ ಶೇ. 50 ಮಾಡಿದ್ರು. ಹೆಚ್ಚು ಅಂದ್ರೆ 90 ದಿನ, ಅದೂ ಜೀವಮಾನದಲ್ಲಿ ಒಂದೇ ಸಲ. 15,000 ಸಂಬಳ ಅಂದ್ರೆ ದಿನಕ್ಕೆ ಸುಮಾರು 500, ಅದರ ಅರ್ಧ 250, 90 ದಿನಕ್ಕೆ 22,500. ಸಣ್ಣ ದುಡ್ಡೇನಲ್ಲ, ಮಕ್ಕಳ ಸ್ಕೂಲ್ ಫೀಸ್ ಆಗುತ್ತೆ.

ಷರತ್ತು ಹೀಗೆ: ಕೆಲಸ ಹೋಗೋ ಹಿಂದಿನ ಎರಡು ವರ್ಷ ಇಎಸ್‌ಐ ಇರೋ ಕೆಲಸದಲ್ಲಿ ಇದ್ದಿರಬೇಕು. ಸಂಬಳದಲ್ಲಿ ಹಿಡಿಯೋ ದುಡ್ಡೇ ಕಂತು, ಇಎಸ್‌ಐ ಲೆಕ್ಕದಲ್ಲಿ ವರ್ಷಕ್ಕೆ ಎರಡು ಕಂತಿನ ಅವಧಿ, ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಕೆಲಸ ಹೋಗೋ ಮುಂಚಿನ ಅವಧಿಯಲ್ಲಿ 78 ದಿನವಾದ್ರೂ ಕಂತು ಕಟ್ಟಿರಬೇಕು, ಅದಕ್ಕೂ ಹಿಂದಿನ ಮೂರು ಅವಧಿಗಳಲ್ಲಿ ಒಂದರಲ್ಲಾದ್ರೂ 78 ದಿನ ಆಗಿರಬೇಕು. ಹೀಗಾಗಿ ಆರು ತಿಂಗಳಿಗೊಂದು ಫ್ಯಾಕ್ಟರಿ ಬದಲಾಯಿಸಿದ್ರೂ ಪರ್ವಾಗಿಲ್ಲ, ಹಳೇ ಇಎಸ್‌ಐ ನಂಬರನ್ನೇ ಹೊಸ ಕಡೆನೂ ಕೊಡಿ. ಪ್ರತಿ ಸಲ ಹೊಸ ನಂಬರ್ ಮಾಡಿಸ್ಕೊಂಡ್ರೆ ನಿಮ್ಮ ಸರ್ವಿಸ್ಸೆಲ್ಲಾ ತುಂಡು ತುಂಡಾಗಿ ಹೋಗಿ ಒಂದರಲ್ಲೂ ಎರಡು ವರ್ಷ ಕಾಣಲ್ಲ.

ದುರ್ನಡತೆ ಅಂತ ಶಿಕ್ಷೆ ಕೊಟ್ಟು ತೆಗೆದಿದ್ರೆ, ವಯಸ್ಸಾಗಿ ರಿಟೈರ್ ಆಗಿದ್ರೆ, ವಿಆರ್‌ಎಸ್ (ಸ್ವಯಂ ನಿವೃತ್ತಿ) ತಗೊಂಡಿದ್ರೆ ಸಿಗಲ್ಲ. ಎರಡು ಕಡೆ ಕೆಲಸ ಮಾಡ್ತಿದ್ದು ಒಂದು ಕಡೆ ಮಾತ್ರ ಹೋಗಿದ್ರೂ ಇಲ್ಲ.

ಹಳೇ ಮಾಲೀಕರ ಹತ್ರ ಸಹಿ ಹಾಕಿಸ್ಕೊಂಡು ಬರಬೇಕಾ? ಅವರು ಫೋನೇ ಎತ್ತಲ್ಲ

ಬೇಡ. ಮೊದಲು ಬೇಕಿತ್ತು, 2020ರಲ್ಲಿ ಅದನ್ನ ತೆಗೆದ್ರು. ಕೆಲಸ ಹೋಗಿ 30 ದಿನ ಆದ ಮೇಲೆ ಇಎಸ್‌ಐ ವೆಬ್‌ಸೈಟಲ್ಲಿ ನೀವೇ ಕ್ಲೇಮ್ ಹಾಕಿ ನಿಮ್ಮ ಬ್ರಾಂಚ್ ಆಫೀಸಿಗೆ ದಾಖಲೆ ಕೊಡಬಹುದು. ಆಧಾರ್, ಬ್ಯಾಂಕ್ ಪಾಸ್‌ಬುಕ್, ಇಎಸ್‌ಐ ನಂಬರ್ ಇರಲಿ. ಈ ಯೋಜನೆಯ ಅವಧಿನ ಸರ್ಕಾರ ಆಗಾಗ ಮುಂದೂಡ್ತಾ ಬಂದಿದೆ, ಅದಕ್ಕೇ ಹೋಗೋ ದಿನ ಜಾರಿಯಲ್ಲಿದ್ಯಾ ಅಂತ ಮೊದಲು ಬ್ರಾಂಚ್ ಆಫೀಸಲ್ಲಿ ಕೇಳ್ಕೊಂಡೇ ಸೈಬರ್‌ಗೆ ದುಡ್ಡು ಖರ್ಚು ಮಾಡಿ. ಮೂರು ತಿಂಗಳ ಒಳಗೆ ಬೇರೆ ಕೆಲಸ ಸಿಕ್ಕಿದ್ರೆ ಕೆಲಸ ಇಲ್ದೆ ಇದ್ದ ದಿನಕ್ಕೆ ಮಾತ್ರ ಕೇಳ್ಬೇಕು. ಹೊಸ ಫ್ಯಾಕ್ಟರಿ ಕಂತು ಕಟ್ಟಿದ ದಿನ ಅದೇ ಇಎಸ್‌ಐ ಕಂಪ್ಯೂಟರಲ್ಲೇ ಕಾಣುತ್ತಲ್ಲ.

ಫ್ಯಾಕ್ಟರಿನೇ ಬಾಗಿಲು ಹಾಕ್ತು

ಹಾಗಿದ್ರೆ ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆ ನೋಡಿ, ಇದೂ ಇಎಸ್‌ಐದೇ, 2005ರ ಏಪ್ರಿಲ್ 1ರಿಂದ ಇದೆ. ಫ್ಯಾಕ್ಟರಿ ಮುಚ್ಚಿದ್ರೆ, ಹೆಚ್ಚುವರಿ ಅಂತ ಕೆಲಸದಿಂದ ತೆಗೆದ್ರೆ, ಅಥವಾ ಕೆಲಸದ ಸಂಬಂಧ ಇಲ್ದೆ ಆದ ಗಾಯದಿಂದ ಶೇ. 40ಕ್ಕೆ ಕಡಿಮೆ ಇಲ್ಲದಷ್ಟು ಶಾಶ್ವತ ಅಂಗವಿಕಲತೆ ಬಂದ್ರೆ. ಕನಿಷ್ಠ ಎರಡು ವರ್ಷ ಕಂತು ಕಟ್ಟಿರಬೇಕು. ಸಿಗೋದು 24 ತಿಂಗಳವರೆಗೆ, ಮೊದಲ 12 ತಿಂಗಳು ದಿನದ ಸಂಬಳದ ಅರ್ಧ, ಆಮೇಲಿನ 12 ತಿಂಗಳು ಕಾಲು ಭಾಗ. ಆ ಸಮಯದಲ್ಲಿ ಇಎಸ್‌ಐ ಆಸ್ಪತ್ರೆ ಸೌಲಭ್ಯನೂ ಇರುತ್ತೆ. ಇದಕ್ಕೆ ಮಾತ್ರ ಫ್ಯಾಕ್ಟರಿ ಮುಚ್ಚಿದ್ದಕ್ಕೆ, ತೆಗೆದಿದ್ದಕ್ಕೆ ಕಾಗದ ಬೇಕು. ಕೊನೇ ದಿನ ಎಚ್‌ಆರ್‌ನೋರು "ಇಲ್ಲೊಂದು ಸಹಿ ಹಾಕಿ, ಲೆಕ್ಕ ಚುಕ್ತಾ" ಅಂತ ಕೊಡೋ ಪೇಪರ್ ರಾಜೀನಾಮೆ ಪತ್ರ ಆಗಿದ್ರೆ, ಸಹಿ ಹಾಕಿದ ಕೂಡ್ಲೆ ನೀವೇ ಬಿಟ್ಟ ಹಾಗೆ ಆಯ್ತು. ಓದಿ. ಓದೋಕೆ ಬರ್ಲಿಲ್ಲ ಅಂದ್ರೆ ಫೋಟೋ ತೆಗೆದು ಯಾರಿಗಾದ್ರೂ ಕಳಿಸಿ ಕೇಳಿ, ಆಮೇಲೆ ಸಹಿ.

ಐಟಿ ಕಂಪನಿ, 60 ಸಾವಿರ ಸಂಬಳ, ಲೇಆಫ್ ಆಯ್ತು. ನಂಗೇನಿದೆ?

ಭತ್ಯೆ ಅಂತ ಏನೂ ಇಲ್ಲ. 21,000 ದಾಟಿದ್ರೆ ಇಎಸ್‌ಐ ಇಲ್ಲ, ಪಾಸಾಗಿ ವರ್ಷಗಳಾಗಿದ್ರೆ ಯುವನಿಧಿ ಇಲ್ಲ. ಕಂಪನಿ ಕೊಡೋ ನೋಟಿಸ್ ಅವಧಿ ಸಂಬಳ, ಸೆವೆರೆನ್ಸು, ಐದು ವರ್ಷ ಆಗಿದ್ರೆ ಗ್ರಾಚ್ಯುಟಿ, ಮತ್ತೆ ನಿಮ್ಮದೇ ಪಿಎಫ್. ಪಿಎಫ್ ತೆಗೆಯೋದು ಭತ್ಯೆ ಅಲ್ಲ, ಮುದುಕರಾದಾಗ ಅಂತ ಇಟ್ಟ ನಿಮ್ಮ ದುಡ್ಡನ್ನೇ ಈಗ ತಿನ್ನೋದು. ಆದಷ್ಟು ಮುಟ್ಟಬೇಡಿ.

"ಯುವನಿಧಿ ಬಾಕಿ ಹಣ ಬಂದಿದೆ, ಲಿಂಕ್ ಒತ್ತಿ" ಅಂತ ವಾಟ್ಸಾಪಲ್ಲಿ ಬಂದಿದೆ

ಒತ್ತಬೇಡಿ. ದುಡ್ಡು ಬರೋದು ಸೀದಾ ಅಕೌಂಟಿಗೆ, ಅದಕ್ಕೆ ಯಾವ ಲಿಂಕೂ ಬೇಡ, ಯಾರಿಗೂ ಓಟಿಪಿ ಹೇಳೋ ಅಗತ್ಯ ಇಲ್ಲ, "ಪ್ರೊಸೆಸಿಂಗ್ ಫೀ 99 ರೂಪಾಯಿ" ಅಂತೂ ಇಲ್ವೇ ಇಲ್ಲ. ನಂಬರ್ ಬ್ಲಾಕ್ ಮಾಡಿ. ದುಡ್ಡು ಹೋಗಿದ್ರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಆಮೇಲೆ ಬ್ಯಾಂಕಿಗೆ ಓಡಿ, ನಮ್ಮ ಅಂಗಡಿಗೆ ಕೊನೇಲಿ ಬನ್ನಿ.